ರಸ್ತೆಯಲ್ಲಿ ಓಡಿಸುವ ಪರ್ಫಾರ್ಮೆನ್ಸ್ ಕಾರಿನ ಎಂಜಿನ್‌ಗೆ ಎಷ್ಟು ದೊಡ್ಡ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬೇಕು?

ಸಾಮಾನ್ಯವಾಗಿ ಅಂದುಕೊಳ್ಳುವುದಕ್ಕಿಂತ ಚಿಕ್ಕದೇ ಸಾಕು. 350 ಘನ ಇಂಚಿನ (ಸುಮಾರು 5.7 ಲೀಟರ್) ವಿ8 ಎಂಜಿನ್‌ಗೆ 600 ಸಿಎಫ್‌ಎಂ ಆಸುಪಾಸಿನದ್ದು ಹೊಂದುತ್ತದೆ. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯಬಲ್ಲದು ಎಂಬ ಅಳತೆ.

ದೊಡ್ಡದು ಹಾಕಿದರೆ ಜಾಸ್ತಿ ಪವರ್ ಬರಬೇಕಲ್ವಾ? ಹಾಗಾಗುವುದಿಲ್ಲ. ವೆಂಚುರಿ ಎಂಬ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ರಭಸವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೇ ಪೆಟ್ರೋಲ್ ಹೊರಬಂದು ಸಣ್ಣ ಹನಿಗಳಾಗಿ ಗಾಳಿಯಲ್ಲಿ ಬೆರೆಯುತ್ತದೆ. ಕುತ್ತಿಗೆ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ (ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ) ಗಾಳಿ ನಿಧಾನವಾಗುತ್ತದೆ. ಸೆಳೆತ ಸಾಲದು, ಹನಿಗಳೂ ದಪ್ಪ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಮುಗ್ಗರಿಸುವುದು ಇದಕ್ಕೇ. ರಸ್ತೆ ಕಾರು ಹೆಚ್ಚು ಹೊತ್ತು ಓಡುವುದೂ ಈ ಕಡಿಮೆ ಆರ್‌ಪಿಎಂನಲ್ಲೇ.

ಫೋರ್ ಸ್ಟ್ರೋಕ್ ಎಂಜಿನ್‌ಗೆ ಲೆಕ್ಕ ಹೀಗೆ: ಘನ ಇಂಚಿನಲ್ಲಿರುವ ಗಾತ್ರವನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 350 ಮತ್ತು 6000 ಹಾಕಿದರೆ ಸುಮಾರು 608. ಆದರೆ ಸಿಲಿಂಡರ್‌ಗಳು ಪೂರ್ತಿ ತುಂಬುವುದಿಲ್ಲ. ಶೇ 85 ಎಂದು ಹಿಡಿದರೆ ಸುಮಾರು 516. ಹಾಗಾಗಿ 600ರದ್ದು ಧಾರಾಳ. ಆರ್‌ಪಿಎಂ ಮಾತ್ರ ಎಂಜಿನ್ ನಿಜವಾಗಿ ಮುಟ್ಟುವಷ್ಟೇ ಹಾಕಿ. ಸುಮ್ನೆ 7500 ಅಂತ ಬರೆದುಕೊಂಡರೆ ಲೆಕ್ಕವೂ ನಿಮ್ಮ ಆಸೆಗೆ ತಲೆಯಾಡಿಸುತ್ತದೆ!

ಎರಡು ಅಳತೆಗಳ ನಡುವೆ ಗೊಂದಲವಿದ್ದರೆ ಚಿಕ್ಕದನ್ನೇ ತಗೊಳ್ಳಿ. ಆಟೋಮ್ಯಾಟಿಕ್ ಗೇರಿನ ಭಾರದ ಕಾರಾದರೆ ವ್ಯಾಕ್ಯೂಮ್ ಸೆಕೆಂಡರಿ ಇರುವುದು ಒಳ್ಳೆಯದು. ಅದರ ಹಿಂದಿನ ಬಾಯಿಗಳು ಎಂಜಿನ್ ಗಾಳಿ ಕೇಳಿದಾಗ ಮಾತ್ರ ತೆರೆಯುತ್ತವೆ.