ಬಾಲ್ಕನಿಯಲ್ಲಿ ಐದೇ ಗಿಡ ಇದ್ದರೂ ಕುಂಬಾರರ ಮಾತು ಕೇಳಬೇಕಾ?

ಹೋಗಿ ಬನ್ನಿ, ಖಂಡಿತ ಹೋಗಿ. ಹತ್ತಿರದ ಕಲಾಕೇಂದ್ರದಲ್ಲಿ ಕೈತೋಟ, ಕುಂಬಾರಿಕೆ ಎರಡನ್ನೂ ಸೇರಿಸಿ ಮಾತುಕತೆ ಇಟ್ಟಿದ್ದಾರೆ, ಬಾಲ್ಕನಿಯಲ್ಲಿ ಐದು ಕುಂಡ ಇಟ್ಟುಕೊಂಡಿರುವ ನನಗೆ ಅಲ್ಲಿ ಏನು ಸಿಗುತ್ತದೆ, ವಿಡಿಯೊ ನೋಡಿದರೆ ಸಾಲದಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನಗೂ ಇದೇ ಅನುಮಾನ ಇತ್ತು. ಆದರೂ ಬೆಂಗಳೂರಿನಲ್ಲಿ ನಡೆದ ಇಂಥದ್ದೇ ಒಂದು ಮಾತುಕತೆಗೆ ಹೋದೆ.

ಮುಂದೆ ಕೂತಿದ್ದವರು ಇಬ್ಬರು. ಅಲ್ಲಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಲ್ಲಿ ತಿಗರಿ (ಕುಂಬಾರರ ಚಕ್ರ) ತಿರುಗಿಸುವ ಹಿರಿಯರೊಬ್ಬರು, ತಾರಸಿ ತೋಟ ಮಾಡುವ ಮೇಡಂ ಒಬ್ಬರು. ಹಿರಿಯರು ಒಂದು ಹಿಡಿ ಜೇಡಿಮಣ್ಣಿಗೆ ನೀರು ಚಿಮುಕಿಸಿ ನಾದಿದರು. ಚಕ್ಕುಲಿ ಎಳೆಯಷ್ಟು ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿದರು. ಎಲ್ಲೂ ಬಿರುಕು ಬಿಡಲಿಲ್ಲ. "ಇದು ಮಡಕೆಗೆ ಆಗೋ ಮಣ್ಣು" ಅಂದರು. ಮೇಡಂ ಅದೇ ಎಳೆಯನ್ನು ಕೈಗೆ ತೆಗೆದುಕೊಂಡು, "ಸ್ವಾಮಿ, ಇದರಲ್ಲಿ ನಾನು ಗಿಡ ಇಡಲ್ಲ. ಬೇರಿಗೆ ಉಸಿರಾಡೋಕೆ ಜಾಗ ಎಲ್ಲಿದೆ?" ಅಂದರು. ಅವರು ತಂದಿದ್ದು ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು, ಬೆರಳು ತಾಗಿಸಿದರೆ ಉದುರುತ್ತಿತ್ತು. ಅದನ್ನು ಎಳೆ ಮಾಡಲು ಬರಲೇ ಇಲ್ಲ. ಜಿಗುಟು ಮಣ್ಣೇ ಸತ್ವದ ಮಣ್ಣು ಅಂದುಕೊಂಡು ನಾನು ಅಲ್ಲಿವರೆಗೆ ಅದನ್ನೇ ಕುಂಡಕ್ಕೆ ತುಂಬುತ್ತಿದ್ದೆ. ಮಲ್ಲಿಗೆ ಗಿಡ ಎರಡು ಸಲ ಹೋಗಿತ್ತು. ಯಾಕೆ ಅಂತ ಅವತ್ತು ಗೊತ್ತಾಯಿತು.

ಕುಂಡದ ವಿಷಯವೂ ಹಾಗೇ. ನಮ್ಮ ಕೆಂಪು ಮಣ್ಣಿನ ಕುಂಡವನ್ನು ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ಸುಡುತ್ತಾರೆ. ಮತ್ತೆ ನೀರಿನಲ್ಲಿ ಕರಗದಷ್ಟು ಅದು ಗಟ್ಟಿಯಾಗುತ್ತದೆ, ಆದರೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ನೀರು ಅದರೊಳಗಿಂದ ಜಿನುಗಿ ಹೊರಗೆ ಆರುತ್ತದೆ. ಬೇಸಿಗೆಯಲ್ಲಿ ಮಡಕೆ ನೀರು ತಣ್ಣಗಿರುವುದೂ ಇದರಿಂದಲೇ ಅಲ್ವಾ? ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಕುಂಡವನ್ನು 1200 ಡಿಗ್ರಿ ದಾಟಿಸಿ ಸುಡುತ್ತಾರೆ. ರಂಧ್ರಗಳು ಹೆಚ್ಚುಕಡಿಮೆ ಮುಚ್ಚಿಹೋಗುತ್ತವೆ, ಮೇಲೆ ಗ್ಲೇಝ್ ಅನ್ನುವ ಗಾಜಿನಂಥ ಲೇಪ ಬೇರೆ. ಪಕ್ಕೆಯಿಂದ ನೀರು ಆರುವುದೇ ಇಲ್ಲ. ಮಣ್ಣಿನ ಕುಂಡಕ್ಕೆ ಹಾಕುವ ಲೆಕ್ಕದಲ್ಲೇ ಇದಕ್ಕೂ ನೀರು ಹಾಕಿದರೆ ಬೇರು ಕೊಳೆಯುತ್ತದೆ. ತಳದಲ್ಲಿ ತೂತಿಲ್ಲದ ಚೆಂದದ ಕುಂಡಗಳನ್ನು ಮಾತ್ರ ದಯವಿಟ್ಟು ಗಿಡಕ್ಕೆ ತರಬೇಡಿ.

ಕುಂಡದ ಹೊರಗೆ ಬೆಳ್ಳಗೆ ಕಟ್ಟುವುದು ಹೆಚ್ಚಾಗಿ ಬೋರ್‌ವೆಲ್ ನೀರಿನ ಉಪ್ಪು. ಬ್ರಷ್‌ನಲ್ಲಿ ಉಜ್ಜಿದರೆ ಆಯಿತು.

ನನಗೆ ತುಂಬ ಹಿಡಿಸಿದ್ದು ಸ್ಪಂಜಿನ ಪಾಠ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದಲ್ಲ ಅಂತ ಯಾರೋ ಕೇಳಿದರು. ಮೇಡಂ ಪಾತ್ರೆ ಉಜ್ಜುವ ಸ್ಪಂಜನ್ನು ಬಕೆಟ್‌ನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದರು. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಂತಿತು. ಹಿಂಡಲಿಲ್ಲ, ಸುಮ್ನೆ ಉದ್ದಕ್ಕೆ ನಿಲ್ಲಿಸಿ ಹಿಡಿದರು. ಮತ್ತೆ ನೀರು ಸುರಿಯಿತು! ಕುಂಡದ ಮಣ್ಣೂ ಹೀಗೇ. ಎಷ್ಟೇ ನೀರು ಇಳಿದರೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ಮಣ್ಣು ತೊಯ್ದೇ ಇರುತ್ತದೆ. ಜಲ್ಲಿ ಹಾಕಿದರೆ ಆ ತೇವ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂದು ಕೂರುತ್ತದೆ. ಅದರ ಬದಲು ಸ್ವಲ್ಪ ಎತ್ತರದ ಕುಂಡ ತನ್ನಿ. ಮಣ್ಣು ಸೋರದ ಹಾಗೆ ತೂತಿನ ಮೇಲೆ ಒಡೆದ ಮಡಕೆಯ ಒಂದು ಚೂರು ಸಾಕು.

ವಿಡಿಯೊದಲ್ಲೂ ಇದನ್ನೆಲ್ಲ ಹೇಳುತ್ತಾರೆ, ಇಲ್ಲ ಅನ್ನಲ್ಲ. ಆದರೆ ನಿಮ್ಮ ಮಣ್ಣನ್ನು ವಿಡಿಯೊ ಮುಟ್ಟಿ ನೋಡುವುದಿಲ್ಲ. ಹೋಗುವಾಗ ನಿಮ್ಮ ಕುಂಡದ ಒಂದು ಹಿಡಿ ಮಣ್ಣನ್ನು ಕವರ್‌ನಲ್ಲಿ ಹಾಕಿಕೊಳ್ಳಿ. ಆಗುವುದಾದರೆ ಒಂದು ಚಿಕ್ಕ ಖಾಲಿ ಕುಂಡವನ್ನೂ ಒಯ್ಯಿರಿ. ನನ್ನ ಕುಂಡವನ್ನು ಹಿರಿಯರು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ. ನನ್ನದು ದಬ್ ಅಂದಿತು. ಬಿಸಿಲಿಗೆ ತಿರುಗಿಸಿ ಹಿಡಿದು ಅಂಚಿನ ಕೆಳಗಿದ್ದ ಕೂದಲೆಳೆಯಂಥ ಬಿರುಕನ್ನು ತೋರಿಸಿದರು. ಆರು ತಿಂಗಳು ದಿನಾ ನೀರು ಹಾಕುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ತಿಗರಿ ಮೇಲೆ ಕೂರಿಸುತ್ತಾರೆ ಅಂತ ಇದ್ದರೆ ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಉಗುರು ಕತ್ತರಿಸಿಕೊಳ್ಳಿ. ಉದ್ದ ಉಗುರು ಮಣ್ಣಿಗೆ ನಾಟಿ, ಮೇಲೆ ಬರುತ್ತಿರುವ ಅಂಚು ಹರಿದುಹೋಗುತ್ತದೆ.