ಗುಳಿಗೆನಾ, ಮಷೀನಾ? ನೇಕಾರರ ಮನೆಯ ಹುಡುಗನ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ.)

ಬಸುಗೆ ಎಂಟು ವರ್ಷ. ಮೂರನೇ ಇಯತ್ತೆ. ರಬಕವಿ-ಬನಹಟ್ಟಿ ಕಡೆಯ ಹುಡುಗ. ಮನೆಯ ಮುಂದಿನ ಕೋಣೆಯಲ್ಲೇ ಪವರ್‌ಲೂಮ್. ತಂದೆ ಸೀರೆ ನೇಯುತ್ತಾರೆ, ತಾಯಿ ಕಂಡಿಕೆ ಸುತ್ತುತ್ತಾರೆ. ಹುಡುಗ ಒಂದು ಕಡೆ ಕೂರುವುದಿಲ್ಲ, ಲಕ್ಷ್ಯ ಕೊಡುವುದಿಲ್ಲ ಎಂದು ಬಾಗಲಕೋಟೆಯ ನವನಗರದಲ್ಲಿ ನನ್ನ ಬಳಿ ಬಂದಾಗ ಅವರು ಆಗಲೇ ಒಂದು ನಿರ್ಧಾರ ಮಾಡಿಕೊಂಡಿದ್ದರು.

"ಮೇಡಂರೀ, ಗುಳಿಗಿ ಬ್ಯಾಡ್ರಿ. ತಲಿಗೆ ಸಣ್ಣ ಕರೆಂಟ್ ಕೊಡೋ ಮಷೀನ್ ಬಂದೈತಂತ. ಅದನ್ನ ಹಚ್ಚಿಸಬೇಕಂತೇವಿ. ನೀವು ಹೂಂ ಅಂದ್ರ ಸಾಕು."

ಬಸುನ ಸೋದರಮಾವ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದರು. ದೂರದ ದೊಡ್ಡ ಊರಿನ ಕ್ಲಿನಿಕ್, ಒಂದು ತಿಂಗಳ ಕೋರ್ಸ್, "ಔಷಧ ಇಲ್ಲ, ಅಡ್ಡ ಪರಿಣಾಮ ಇಲ್ಲ" ಎಂಬ ಮಾತು. ತಾಯಿ ಮಹಿಳಾ ಸಂಘದಲ್ಲಿ ಸಾಲ ಕೇಳಿಯೂ ಆಗಿತ್ತು.

ಹೂಂ ಅನ್ನುವ ಮೊದಲು ಹುಡುಗನನ್ನು ನೋಡಬೇಕಲ್ವಾ? ಹತ್ತು ಲೆಕ್ಕ ಬರೆದ ಹಾಳೆ ಕೊಟ್ಟೆ. ಮೊದಲ ಮೂರು ಸರಿ, ಅದೂ ಬೇಗ. ನಾಲ್ಕನೆಯದು ಕಳೆಯುವ ಲೆಕ್ಕ, ಕೂಡಿಸಿಬಿಟ್ಟ. ಆಮೇಲೆ ಪೆನ್ಸಿಲ್ ಮೊನೆ ನೋಡಿದ, ಫ್ಯಾನ್ ನೋಡಿದ, ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದ. ಕರೆದರೆ ನಗುತ್ತಾ ಬಂದ. ಹಟವಿಲ್ಲ, ಉಡಾಫೆಯಿಲ್ಲ. ಐದನೇ ಲೆಕ್ಕ ಮಾತ್ರ ಆಗಲೇ ಇಲ್ಲ. ಶಾಲೆಯ ಟೀಚರ್ ಬರೆದುಕೊಟ್ಟದ್ದೂ ಇದೇ: ಅರ್ಧ ಬರೆದ ನೋಟ್ಸು, ಪಾಳಿ ಕಾಯಲಾರದ ಜಗಳ, ಗೇಟು ತೆರೆದರೆ ರಸ್ತೆಗೆ ಓಟ. ಮನೆಯಲ್ಲೂ ಹಾಗೇ, ಅದೂ ಒಂದನೇ ಇಯತ್ತೆಗೆ ಸೇರುವ ಮೊದಲಿನಿಂದ.

"ಮೊಬೈಲ್ ಕೊಟ್ರ ತಾಸಗಟ್ಲೆ ಕೂಡ್ತಾನ್ರಿ. ಲಕ್ಷ್ಯ ಇಲ್ಲ ಅನ್ನೋದು ಹ್ಯಾಂಗ?" ಎಂದರು ತಂದೆ. ಬಹಳ ಮನೆಯವರು ಕೇಳುವ ಪ್ರಶ್ನೆ ಇದು. ಮೊಬೈಲಿನಲ್ಲಿ ಕ್ಷಣಕ್ಕೊಂದು ಹೊಸದು ಬರುತ್ತದೆ, ಅಲ್ಲಿ ಮನಸ್ಸನ್ನು ಹಿಡಿದು ಕೂರಿಸುವ ಶ್ರಮವೇ ಬೇಕಿಲ್ಲ. ಬೇಸರದ ಕೆಲಸದಲ್ಲೂ ಮನಸ್ಸನ್ನು ಹಿಡಿದಿಡಲು ಆಗುತ್ತಾ ಅನ್ನುವುದೇ ಎಡಿಎಚ್‌ಡಿಯಲ್ಲಿ, ಅಂದರೆ ಲಕ್ಷ್ಯದ ಕೊರತೆ ಮತ್ತು ಅತಿ ಚಂಚಲತೆಯ ತೊಂದರೆಯಲ್ಲಿ, ನೋಡುವ ವಿಷಯ.

ಆದರೂ ಎಡಿಎಚ್‌ಡಿ ಎಂದು ನಾನು ಷರಾ ಬರೆಯಲಿಲ್ಲ. ದಿನವಿಡೀ ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗ, ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಕಣ್ಣು ನೋಡಿಸಿದೆವು. ನಿದ್ದೆ ಕೇಳಿದೆ. ಕ್ಷಣಕಾಲ ಮಂಕಾಗಿ ನಿಂತುಬಿಡುವ ಒಂದು ಬಗೆಯ ಫಿಟ್ಸ್ ಕೂಡ ಮಕ್ಕಳಲ್ಲಿ ಲಕ್ಷ್ಯ ಇಲ್ಲದಂತೆ ಕಾಣುತ್ತದೆ, ಅದನ್ನೂ ವಿಚಾರಿಸಿದೆ. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಅಲ್ಲಿನ ಮನೋವೈದ್ಯರು ಎಡಿಎಚ್‌ಡಿ ಎಂದೇ ಹೇಳಿದರು, ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆ ಶುರು ಮಾಡಬಹುದು ಎಂದರು. ದಂಪತಿ ಚೀಟಿ ಹಿಡಿದುಕೊಂಡು ಬಂದರು. ಗುಳಿಗೆ ತಂದಿರಲಿಲ್ಲ.

ಏಕೆ ಎಂದು ಕೇಳಿದಾಗ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮನ ವಿಷಯ ಬಂತು. ಬೇರೆ ಮಾನಸಿಕ ಕಾಯಿಲೆಗೆ ತಮ್ಮ ಗುಳಿಗೆ ತಗೊಳ್ಳುತ್ತಿದ್ದ, ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ, ಮಗ್ಗದ ಮುಂದೆ ಕೂರಲಾಗದೆ ಕೆಲಸ ಬಿಟ್ಟ. "ನನ್ನ ಮಗಾನೂ ಹಂಗ ಮಂಪರ ಹತ್ತಿ ಬಿದ್ದಿರಬೇಕೇನ್ರಿ? ನಮ್ಮ ಹುಡುಗನ ಮ್ಯಾಲ ಪ್ರಯೋಗ ಬ್ಯಾಡ್ರಿ."

ಈ ಮಾತು ಬಾರದೆ ಹೋಗಿದ್ದರೆ ನಾನು ಎಷ್ಟು ವಿವರಿಸಿದ್ದರೂ ಪ್ರಯೋಜನವಿರಲಿಲ್ಲ. ಗುಳಿಗೆ ಬೇಡ ಅನ್ನುವವರನ್ನು ತಿಳಿಗೇಡಿಗಳು ಎಂದು ಬೈಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಆ ಹೆದರಿಕೆಯ ಹಿಂದೆ ಕಣ್ಣಾರೆ ಕಂಡ ಒಬ್ಬ ಮನುಷ್ಯ ಇರುತ್ತಾನೆ.

ಹೀಗೆ ಹೇಳಿದೆ: "ಅಣ್ಣಾರ, ನಿಮ್ಮ ತಮ್ಮಂದು ಬೇರೆ ಜಾತಿಯ ಔಷಧ. ಇದು ಮಲಗಿಸೋ ಗುಳಿಗೆ ಅಲ್ಲ, ಎಚ್ಚರಿಸೋ ಜಾತಿ." ಚುರುಕು ಹುಡುಗನಿಗೆ ಎಚ್ಚರಿಸುವ ಔಷಧ ಯಾಕೆ ಅಂತ ಅವರಿಗೆ ಅನುಮಾನ. ಹೊಕ್ಕಿನ ನೂಲು ಹರಿದರೆ ಪವರ್‌ಲೂಮ್ ತಾನಾಗೇ ನಿಲ್ಲುತ್ತದೆ. ಆ ನಿಲ್ಲಿಸುವ ಭಾಗ ಸಡಿಲಾದರೆ ಮಗ್ಗ ಸುಮ್ನೆ ಓಡುತ್ತಲೇ ಇರುತ್ತದೆ, ಬಟ್ಟೆ ಕೆಡುತ್ತದೆ. ಈ ಔಷಧ ಮಗ್ಗದ ವೇಗ ಇಳಿಸುವುದಿಲ್ಲ, ನಿಲ್ಲಿಸುವ ಭಾಗಕ್ಕೆ ಬಲ ಕೊಡುತ್ತದೆ ಎಂದೆ. ಮಿದುಳಿನಲ್ಲಿ ಡೋಪಮಿನ್, ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಸ್ವಲ್ಪ ಜಾಸ್ತಿ ಹೊತ್ತು ಕೆಲಸಕ್ಕೆ ಸಿಗುತ್ತವೆ. ತಡೆದು ಯೋಚಿಸುವ ಮುಂಭಾಗಕ್ಕೆ ಅದರಿಂದ ನೆರವಾಗುತ್ತದೆ.

ಪ್ರಯೋಗದ ಮಾತಿಗೂ ಉತ್ತರ ಕೊಟ್ಟೆ. ಮೀಥೈಲ್‌ಫೆನಿಡೇಟ್ ಮೊದಲು ತಯಾರಾದದ್ದು 1944ರಲ್ಲಿ. 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ನೋಡಿಕೊಂಡರು. ಚಂಚಲತೆ, ಲಕ್ಷ್ಯದ ಕೊರತೆ ಇಳಿಯಲು ನಿಗಾ ಇಟ್ಟು ಕೊಟ್ಟ ಔಷಧವೇ ವರ್ತನೆಯ ತರಬೇತಿಗಿಂತ ಹೆಚ್ಚು ನೆರವಾಯಿತು. ಎರಡೂ ಸಿಕ್ಕ ಮಕ್ಕಳಿಗೆ ಔಷಧದ ಪ್ರಮಾಣ ಕಡಿಮೆ ಸಾಕಾಯಿತು. ಆದರೆ ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಉಳಿದಿರಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆ. ಒಮ್ಮೆ ಕೊಟ್ಟು ಮರೆಯುವ ಚಿಕಿತ್ಸೆ ಇದಲ್ಲ.

ಅಡ್ಡ ಪರಿಣಾಮ ಇದೆ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ತಡವಾಗುತ್ತದೆ, ಕೆಲವರಿಗೆ ತಲೆನೋವು, ಹೊಟ್ಟೆನೋವು. ಎತ್ತರ ಬೆಳೆಯುವುದು ಸ್ವಲ್ಪ ನಿಧಾನವಾಗಬಹುದು. ಅದಕ್ಕೇ ತೂಕ, ಎತ್ತರ, ನಾಡಿ, ಬಿಪಿ ಆಗಾಗ ನೋಡಬೇಕು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ದಿಢೀರನೆ ತೀರಿಕೊಂಡಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಕಾನೂನಿನ ಬಿಗಿ ಇರುವ ಔಷಧ, ಚೀಟಿ ಇಲ್ಲದೆ ಕೊಡುವಂತಿಲ್ಲ, ಸಣ್ಣ ಊರಿನ ಮೆಡಿಕಲ್ ಅಂಗಡಿಯಲ್ಲಿ ಹೆಚ್ಚಾಗಿ ಇರುವುದೂ ಇಲ್ಲ. ಅಂಗಡಿಯವ "ಇದು ಡ್ರಗ್ಸ್ ರೀ" ಎಂದು ಹೆದರಿಸಿದರೆ ಗಾಬರಿ ಬೇಡ, ವೈದ್ಯರು ಹೇಳಿದಷ್ಟೇ ಕೊಟ್ಟರೆ ಮಗು ಚಟಕ್ಕೆ ಬೀಳುತ್ತದೆ ಎಂದೇನಿಲ್ಲ ಎಂದೆ. ಇದು ಹಿಡಿಸದ ಮಕ್ಕಳಿಗೆ ಅಟಮಾಕ್ಸೆಟಿನ್‌ನಂಥ ಬೇರೆ ಔಷಧವಿದೆ, ಅದರ ಗುಣ ಕಾಣಲು ವಾರಗಳೇ ಬೇಕು.

ಇನ್ನು ಮಷೀನು. ವಿಡಿಯೊ ತರಿಸಿ ನಾನೂ ನೋಡಿದೆ. ಹಣೆಗೆ ಪಟ್ಟಿ ಅಂಟಿಸಿ ನರವೊಂದಕ್ಕೆ ಸಣ್ಣ ವಿದ್ಯುತ್ ಕೊಡುವ ಯಂತ್ರಕ್ಕೆ ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ, ಔಷಧ ತಗೊಳ್ಳದ 7ರಿಂದ 12 ವರ್ಷದ ಮಕ್ಕಳಿಗೆಂದು, ಅನುಮತಿ ಕೊಟ್ಟಿದ್ದು ನಿಜ. ಅದರ ಆಧಾರ 62 ಮಕ್ಕಳ ನಾಲ್ಕು ವಾರದ ಅಧ್ಯಯನ. ಮುಂದೆ ಇಂಗ್ಲೆಂಡಿನಲ್ಲಿ 150 ಮಕ್ಕಳ ಮೇಲೆ ದೊಡ್ಡ ಪರೀಕ್ಷೆ ಆಯಿತು. ಅರ್ಧ ಮಕ್ಕಳಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಕೊಟ್ಟಂತೆ ತೋರಿಸುವ ನಕಲಿ ಚಿಕಿತ್ಸೆ. ಎರಡರ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಲೆಬುರುಡೆಯ ಮೇಲಿಂದ ಒಂದೆರಡು ಮಿಲಿಆಂಪಿಯರ್ ಹರಿಸುವ ಟಿಡಿಸಿಎಸ್ ಎಂಬುದನ್ನು 50 ಹುಡುಗರಿಗೆ 15 ಸಲ ಕೊಟ್ಟು ನೋಡಿದ ಅಧ್ಯಯನದಲ್ಲೂ ಹಾಗೇ ಆಯಿತು. ಕಾಂತದ ಬಲದ ಟಿಎಂಎಸ್ ದೊಡ್ಡವರ ಖಿನ್ನತೆಗೆ ಬಳಕೆಯಲ್ಲಿದೆ, ಎಡಿಎಚ್‌ಡಿ ಮಕ್ಕಳಿಗೆ ಅದು ನಿಗದಿತ ಚಿಕಿತ್ಸೆಯಲ್ಲ. ಅಪರೂಪಕ್ಕೆ ಫಿಟ್ಸ್ ಬರಿಸುವ ಅಪಾಯವೂ ಅದಕ್ಕಿದೆ.

"ಮತ್ತ ವಿಡಿಯೊದಾಗ ಹುಡುಗರು ಸುಧಾರಿಸ್ಯಾರಲ್ರಿ?" ಎಂದು ಕೇಳಿದರು ತಾಯಿ. ಸುಳ್ಳೇ ಇರಬೇಕೆಂದಿಲ್ಲ ಅಕ್ಕಾರ ಎಂದೆ. ಒಂದು ತಿಂಗಳು ತಂದೆ-ತಾಯಿ ಕೆಲಸ ಬಿಟ್ಟು ಜೊತೆಗಿರುತ್ತಾರೆ, ಬೈಗುಳ ನಿಲ್ಲುತ್ತದೆ, ಎಲ್ಲರಿಗೂ ಆಸೆ ಇರುತ್ತದೆ. ನಕಲಿ ಯಂತ್ರ ಹಚ್ಚಿದ ಮಕ್ಕಳೂ ಎಷ್ಟೋ ಸಲ ಸುಧಾರಿಸಿದಂತೆ ಕಾಣುವುದು ಅದಕ್ಕೇ. ಪ್ರಯೋಗ ಬೇಡ ಅನ್ನುವುದು ನಿಮ್ಮ ಮಾತಾದರೆ, ಇವತ್ತಿಗೂ ಪ್ರಯೋಗದ ಹಂತದಲ್ಲಿರುವುದು ಮಷೀನೇ. ಸಂಘದ ಸಾಲ ಅದಕ್ಕೆ ಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ.

ಗುಳಿಗೆ ಶುರುವಾಯಿತು, ಸಣ್ಣ ಪ್ರಮಾಣದಲ್ಲಿ. ಮುಂಜಾನೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಹೊಟ್ಟೆ ತುಂಬಾ ತಿಂದ ಮೇಲೆ, ದೊಡ್ಡವರ ಕೈಯಿಂದಲೇ. ಮಧ್ಯಾಹ್ನ ಊಟ ಸೇರದಿದ್ದರೆ ಬೈಯಬೇಡಿ, ಸಂಜೆ ಹಸಿವು ತಿರುಗಿ ಬಂದಾಗ ಬಡಿಸಿ ಎಂದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬಾರದು. ಬಸುಗೂ ಗುಳಿಗೆ ಯಾಕೆಂದು ಹೇಳಿಸಿದೆ. "ನೀ ಹುಚ್ಚ ಅಂತ ಅಲ್ಲಪ್ಪ, ಕೆಲಸ ಮುಗಿಸಾಕ ಅನುಕೂಲ ಆಗಲಿ ಅಂತ" ಎಂದು ತಂದೆಯೇ ಹೇಳಿದರು. ತಡರಾತ್ರಿ ಏನಾದರೂ ಅನುಮಾನ ಬಂದರೆ ಕೇಳಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯ ಕೆಲಸವೂ ಅಷ್ಟೇ ಮುಖ್ಯ. ಮಗ್ಗ ಓಡುವಾಗ ಹೋಮ್‌ವರ್ಕ್‌ಗೆ ಕೂರಿಸಬಾರದು. ಮುಂಜಾನೆ ಮಗ್ಗ ಶುರುವಾಗುವ ಮೊದಲು, ಇಲ್ಲಾ ಕರೆಂಟ್ ಹೋದ ಹೊತ್ತಿನಲ್ಲಿ, ಹತ್ತು ನಿಮಿಷ ಸಾಕು. ಒಂದು ಸಲಕ್ಕೆ ಒಂದೇ ಮಾತು, ಅದೂ ಹತ್ತಿರ ಹೋಗಿ, ಹೆಸರು ಕರೆದು. ಮಾಡಿದ ಕೂಡಲೇ ಶಾಬ್ಬಾಸ್. ಟೀಚರ್ ಅವನನ್ನು ಮುಂದಿನ ಸಾಲಿಗೆ ತಂದರು, ಡಸ್ಟರ್ ತರುವಂಥ ಎದ್ದು ಓಡಾಡುವ ಕೆಲಸ ಕೊಟ್ಟರು. ಶಿಕ್ಷೆ ಅಂತ ಆಟದ ಪಿರಿಯಡ್ ಕಸಿಯುವುದನ್ನು ನಿಲ್ಲಿಸಿದರು.

ಈಗ ಬಸು ಹಾಳೆಯ ಹತ್ತೂ ಲೆಕ್ಕ ಮುಗಿಸುತ್ತಾನೆ. ರಸ್ತೆಗೆ ಓಡುವುದು ನಿಂತಿದೆ. ತೂಕ ಸ್ವಲ್ಪ ಇಳಿದಿತ್ತು, ಪ್ರಮಾಣ ಹೊಂದಿಸಿದ ಮೇಲೆ ನಿಂತಿದೆ. ಓದು ಮಾತ್ರ ಅಲ್ಲೇ ಇದೆ. ಒತ್ತಕ್ಷರ ಬಂದಲ್ಲೆಲ್ಲ ತೊಡರುತ್ತಾನೆ. "ಡೋಸ್ ಜಾಸ್ತಿ ಮಾಡಿಸೋಣೇನ್ರಿ?" ಎಂದು ತಂದೆ ಕೇಳಿದರು. ಬೇಡ ಎಂದೆ. ಗುಳಿಗೆ ಅವನನ್ನು ಪುಸ್ತಕದ ಮುಂದೆ ಕೂರಿಸಬಲ್ಲದು, ಅಕ್ಷರ ಕಲಿಸಲಾರದು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹಲವರಿಗೆ ಕಲಿಕೆಯ ತೊಂದರೆ ಬೇರೆಯಾಗಿಯೇ ಇರುತ್ತದೆ. ಅದರ ಪರೀಕ್ಷೆಗೆ ಮುಂದಿನ ತಿಂಗಳು ಮತ್ತೆ ಧಾರವಾಡಕ್ಕೆ ಹೋಗಲಿದ್ದಾರೆ. ಹೋಗುವಾಗ ಈ ವರ್ಷದ ಕನ್ನಡ ನೋಟ್‌ಬುಕ್ಕುಗಳನ್ನೂ ಒಯ್ಯಲು ಹೇಳಿದ್ದೇನೆ.