‘ಇನ್ವೈಟ್’ ನಾಮಪದವೂ ಹೌದೇ?

ಪ್ರಶ್ನೆ: ಬರುವ ತಿಂಗಳು ಮಗಳ ಲಗ್ನವಿದೆ. ಮುದ್ರಣಾಲಯದವರು ತೋರಿಸಿದ ಕರಡಿನ ಇಂಗ್ಲಿಷ್ ಪುಟದಲ್ಲಿ ಮೇಲೆ ‘ವೆಡ್ಡಿಂಗ್ ಇನ್ವೈಟ್’ ಎಂದೂ ಕೆಳಗೆ ‘ಯು ಆರ್ ಕಾರ್ಡಿಯಲಿ ಇನ್ವೈಟ್’ ಎಂದೂ ಇತ್ತು. ‘ಇನ್ವಿಟೇಶನ್’ ಎಂದಿರಬೇಕಲ್ಲವೇ ಎಂದರೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸೋದರಳಿಯ, ಈಗ ಎಲ್ಲರೂ ಹೀಗೆಯೇ ಬರೆಯುತ್ತಾರೆ ಎನ್ನುತ್ತಾನೆ. ಯಾವುದು ಸರಿ? ಕನ್ನಡ ಪುಟಕ್ಕೆ ‘ಆಹ್ವಾನ’ವೋ ‘ಆಮಂತ್ರಣ’ವೋ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಕೆಳಗಿನ ಸಾಲು ಖಂಡಿತ ತಪ್ಪು. ಅಲ್ಲಿ ‘ಇನ್ವೈಟೆಡ್’ ಎಂದೇ ಇರಬೇಕು. ಕರೆಯುವವರು ನೀವು, ಕರೆಯಿಸಿಕೊಳ್ಳುವವರು ಓದುವವರು ಎಂಬ ಅರ್ಥ ಕೊನೆಯ ಆ ‘ಡ್’ನಿಂದಲೇ ಬರುತ್ತದೆ. ಮೇಲಿನ ಸಾಲಿನ ವಿಷಯ ಅಷ್ಟು ಸರಳವಲ್ಲ.

‘ಇನ್ವೈಟ್’ ಲ್ಯಾಟಿನ್ ಮೂಲದ ಕ್ರಿಯಾಪದ. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಅದನ್ನು ‘ಇನ್ವಿಟೇಶನ್’ ಎಂಬ ಅರ್ಥದಲ್ಲಿ ನಾಮಪದವಾಗಿ ಬಳಸುವುದು ನಿಮ್ಮ ಸೋದರಳಿಯನ ಕಾಲದ ಕಂಪ್ಯೂಟರಿನವರು ತಂದ ರೂಢಿ ಎಂದು ಅನೇಕರು ಭಾವಿಸುತ್ತಾರೆ. ಆದರೆ ಹದಿನೇಳನೆಯ ಶತಮಾನದ ಇಂಗ್ಲಿಷ್ ಬರಹದಲ್ಲೇ ಆ ಬಳಕೆ ಸಿಗುತ್ತದೆ. ಉಚ್ಚಾರಣೆಯಲ್ಲಿ ಮಾತ್ರ ವ್ಯತ್ಯಾಸವಿದೆ: ಕ್ರಿಯಾಪದವಾದಾಗ ಒತ್ತು ‘ವೈಟ್’ ಮೇಲೆ, ನಾಮಪದವಾದಾಗ ‘ಇನ್’ ಮೇಲೆ. ‘ಪರ್ಮಿಟ್’ ಶಬ್ದವೂ ಇದೇ ಜಾಡಿನದು. ನಾವು ಇದನ್ನು ನೋಡಿ ನಗಬೇಕಾಗಿಯೂ ಇಲ್ಲ, ಏಕೆಂದರೆ ಕನ್ನಡದ ‘ಕರೆ’ ಕ್ರಿಯಾಪದವೂ ಹೌದು, ‘ಬಂದ್‌ಗೆ ಕರೆ’ ಎಂಬಲ್ಲಿ ನಾಮಪದವೂ ಹೌದು. ಕಲಬುರಗಿಯ ಕಡೆ ‘ದಾವತ್’ ಎಂದರೆ ಊಟವೇ ಕಣ್ಣಮುಂದೆ ಬರುತ್ತದೆ. ಅರಬ್ಬಿಯಿಂದ ಉರ್ದುವಿನ ಮೂಲಕ ನಮ್ಮ ಬಾಯಿಗೆ ಬಂದ ಆ ಶಬ್ದದ ಮೂಲಾರ್ಥವಾದರೋ ಕರೆಯುವುದು ಎಂದಷ್ಟೇ. ಕರೆದ ಮಾತು ತಾಟಿನ ಮೇಲಿನ ಊಟವಾಗಬಹುದಾದರೆ ‘ಇನ್ವೈಟ್’ ಪತ್ರಿಕೆಯಾಗುವುದರಲ್ಲಿ ಅಚ್ಚರಿಯಿಲ್ಲ.

ಆದರೂ ನನ್ನ ಸಲಹೆ ನಿಮ್ಮ ಪರವಾಗಿಯೇ ಇದೆ. ನಾಮಪದವಾಗಿ ‘ಇನ್ವೈಟ್’ ಇಂದಿಗೂ ಸಲುಗೆಯ ಮಾತು. ಗೆಳೆಯನ ಸಂದೇಶಕ್ಕೆ, ಕಚೇರಿಯ ಮೀಟಿಂಗಿಗೆ ಅದು ನಡೆಯುತ್ತದೆ. ಹಿರಿಯರ ಹೆಸರು ಹೊತ್ತು, ಅರಿಶಿನ ಹಚ್ಚಿಸಿಕೊಂಡು ಬೀಗರ ಮನೆಗೆ ಹೋಗುವ ಪತ್ರಿಕೆಗೆ ‘ಇನ್ವಿಟೇಶನ್’ ಎಂಬುದೇ ಗೌರವ. ‘ಲಗ್ನಕ್ಕೆ’ ಎನ್ನಲು ‘ಇನ್ವೈಟ್’ ಮುಂದೆ ‘ಟು’ ಬರಲಿ. ‘ಫಾರ್’ ಇಂಟರ್‌ವ್ಯೂಗೆ ಕರೆಯುವಲ್ಲಿ ಹೊಂದುತ್ತದೆ.

‘ಇನ್ವೈಟ್’ಗಾಗಲಿ ಅದರ ಕನ್ನಡವಾದ ‘ಆಹ್ವಾನಿಸು’ವಿಗಾಗಲಿ ಮನೆಗೆ ಕರೆಯುವುದೊಂದೇ ಅರ್ಥವಲ್ಲ. ‘ಟೆಂಡರ್ ಆಹ್ವಾನಿಸಲಾಗಿದೆ’ ಎಂಬ ಪ್ರಕಟಣೆಯಲ್ಲಿರುವುದು ನಿಮ್ಮ ದರವನ್ನು ತಿಳಿಸಿರಿ ಎಂಬ ಕೋರಿಕೆ ಮಾತ್ರ. ಅದನ್ನು ಒಪ್ಪಲೇಬೇಕೆಂಬ ಮಾತು ಅದರಲ್ಲಿಲ್ಲ, ಕಾನೂನೂ ಅದನ್ನು ಹಾಗೆಯೇ ಕಾಣುತ್ತದೆ. ‘ಅಪಾಯವನ್ನು ಆಹ್ವಾನಿಸಿದನು’ ಎಂದು ಪತ್ರಿಕೆಗಳು ಬರೆಯುವುದು ಇಂಗ್ಲಿಷಿನ ನೆರಳು. ‘ಮೈಮೇಲೆ ಎಳೆದುಕೊಂಡನು’ ಎಂದರೆ ಕನ್ನಡವಾಗುತ್ತದೆ.

ಇನ್ನು ಕನ್ನಡ ಪುಟ. ಪಾಣಿನಿಯ ಸೂತ್ರವೊಂದರಲ್ಲಿ ‘ನಿಮಂತ್ರಣ’, ‘ಆಮಂತ್ರಣ’ ಎರಡೂ ಬರುತ್ತವೆ. ಕರೆದರೆ ಹೋಗಲೇಬೇಕಾದದ್ದು, ಅಂದರೆ ಶ್ರಾದ್ಧದ ಊಟದಂಥದು, ನಿಮಂತ್ರಣವೆಂದೂ ಹೋಗುವುದು ಬಿಡುವುದು ಕರೆಸಿಕೊಂಡವರ ಇಚ್ಛೆಗೆ ಬಿಟ್ಟದ್ದು ಆಮಂತ್ರಣವೆಂದೂ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಕನ್ನಡದಲ್ಲಿ ಆ ಭೇದ ಉಳಿದಿಲ್ಲ. ಉಳಿದಿದ್ದರೆ ನಮ್ಮ ಬೀಗರೆಲ್ಲರಿಗೂ ನಿಮಂತ್ರಣವನ್ನೇ ಕಳಿಸಬೇಕಾಗುತ್ತಿತ್ತು. ಲಗ್ನಕ್ಕೆ ‘ಆಮಂತ್ರಣ’, ಸಭೆ ಸಮಾರಂಭಕ್ಕೆ ‘ಆಹ್ವಾನ’ ಎಂಬ ರೂಢಿ ಹೆಚ್ಚು. ಯಾವುದನ್ನು ಹಾಕಿದರೂ ತಪ್ಪಲ್ಲ.

‘ಆಹ್ವಾನ’ವನ್ನೇ ಆರಿಸುವಿರಾದರೆ ಅಕ್ಷರ ಜೋಡಿಸುವವರ ಪಕ್ಕದಲ್ಲೇ ಕುಳಿತುಕೊಳ್ಳಿರಿ. ‘ಹ’ಕಾರಕ್ಕೆ ‘ವ’ ಒತ್ತು ಬರಬೇಕು. ಅದು ತಿರುವುಮುರುವಾಗಿ ‘ಆವ್ಹಾನ’ ಎಂದು ಅಚ್ಚಾದ ಪತ್ರಿಕೆಗಳನ್ನು ಬಹಳ ಕಂಡಿದ್ದೇನೆ. ಬೀದರ ಕಡೆಯ ಮರಾಠಿ ಬಲ್ಲ ಬೀಗರು ನಿಮಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಇಂದಿನ ಮರಾಠಿಯಲ್ಲಿ ‘ಆವ್ಹಾನ’ ಎಂದರೆ ಸವಾಲು.